ಟ್ರ್ಯಾಕ್ ಡೇಗೆ ಕಾರು ಆರಿಸುವುದು ಹೇಗೆ: ಬೆಂಗಳೂರಿನವರಿಗೆ ಹಂತ ಹಂತದ ಮಾರ್ಗದರ್ಶಿ

"ಕಾರು ತಗೊಂಡೆ, ಟ್ರ್ಯಾಕ್‌ಗೆ ಹೋದೆ, ನಾಲ್ಕನೇ ಲ್ಯಾಪ್‌ನಲ್ಲಿ ಬ್ರೇಕ್ ಪೆಡಲ್ ನೆಲಕ್ಕೆ ಹೋಯಿತು, ಈಗ ಏನು ಮಾಡಲಿ?" ಈ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ನನಗೆ ಬರುತ್ತಲೇ ಇದೆ. ಟ್ರ್ಯಾಕ್ ಡೇ ಅಂದರೆ ಶುಲ್ಕ ಕಟ್ಟಿ ನಮ್ಮದೇ ಕಾರನ್ನು ರೇಸ್ ಸರ್ಕಿಟ್‌ನಲ್ಲಿ ಓಡಿಸುವ ದಿನ. ಒಬ್ಬರಿಗೆ ಬ್ರೇಕ್, ಇನ್ನೊಬ್ಬರಿಗೆ ಗೇರ್‌ಬಾಕ್ಸ್, ಮತ್ತೊಬ್ಬರಿಗೆ ರೇಡಿಯೇಟರ್. ಕಾರು ಬೇರೆ ಬೇರೆ, ತಪ್ಪು ಒಂದೇ. ಮೊದಲು ಕಾರು ಕೊಂಡಿದ್ದಾರೆ. ಯಾವ ಟ್ರ್ಯಾಕ್, ವರ್ಷಕ್ಕೆ ಎಷ್ಟು ಖರ್ಚು, ಸಾಮಾನು ಎಲ್ಲಿ ಸಿಗುತ್ತದೆ ಅನ್ನುವುದನ್ನೆಲ್ಲ ಆಮೇಲೆ ಹುಡುಕಿದ್ದಾರೆ.

ಈ ಕ್ರಮವನ್ನು ತಿರುಗಿಸಬೇಕು. ಮೊದಲು ಟ್ರ್ಯಾಕ್, ಆಮೇಲೆ ಖರ್ಚು, ಆಮೇಲೆ ಬಿಸಿಯ ಲೆಕ್ಕ, ಆಮೇಲೆ ಬಿಡಿಭಾಗ. ಕಾರಿನ ಹೆಸರು ಇದೆಲ್ಲ ಆದ ಮೇಲೆ ಬರಬೇಕು. ಇಲ್ಲಿ ನಂಬಿಕಸ್ಥ ಕಾರು ಅಂದರೆ ಏನು ಅಂತಲೂ ಈಗಲೇ ಹೇಳಿಬಿಡುತ್ತೇನೆ. ದಿನಕ್ಕೆ ನಾಲ್ಕು ಸಲ ಹದಿನೈದು ಹದಿನೈದು ನಿಮಿಷ ಪೂರ್ತಿ ಒತ್ತಡ ತಡೆದು, ಸಂಜೆ ಅದೇ ಕಾರು 300 ಕಿಮೀ ಓಡಿ ನಿಮ್ಮನ್ನು ಮನೆಗೆ ತಂದು ಬಿಡಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಹತ್ತು ವರ್ಷ ತೊಂದರೆ ಕೊಡದ ಕಾರು ಇಲ್ಲಿ ಇಪ್ಪತ್ತು ನಿಮಿಷಕ್ಕೆ ಸೋಲಬಹುದು.

ಮೊದಲು ಕೈಯಲ್ಲಿ ಇರಬೇಕಾದ್ದು

ಒಳ್ಳೆಯ ಟೈರ್ ಪ್ರೆಷರ್ ಗೇಜ್, ನಟ್ ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ರೆಂಚ್, ಕಾರಿನ ಕಂಪ್ಯೂಟರ್ ಓದಿ ಫೋನ್‌ಗೆ ಬ್ಲೂಟೂತ್‌ನಲ್ಲಿ ತೋರಿಸುವ ಓಬಿಡಿ ಸ್ಕ್ಯಾನರ್, ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ಟಾರ್ಚ್, ಕಾರಿನ ಕೆಳಗೆ ಮಲಗಿ ನೋಡಲು ಒಂದು ಹಳೆಯ ಚಾಪೆ. ಜೊತೆಗೆ ಒಂದು ನೋಟ್‌ಬುಕ್. ಫೋನ್‌ನಲ್ಲಿ ಬರೆದುಕೊಳ್ಳುತ್ತೇನೆ ಅಂದುಕೊಂಡವರು ಟ್ರ್ಯಾಕ್‌ನಲ್ಲಿ ಬೆವರು ಕೈಯಲ್ಲಿ ಏನೂ ಬರೆಯುವುದಿಲ್ಲ, ನಾನು ನೋಡಿದ್ದೇನೆ.

ಈ ಸಾಮಾನು ಕಾರು ಕೊಳ್ಳುವ ಮುಂಚೆಯೇ ಬೇಕು. ಕಾರು ನೋಡಲು ಹೋದಾಗಲೂ ಇವೇ ಕೆಲಸಕ್ಕೆ ಬರುತ್ತವೆ.

ಹಂತ 1: ಈಗಿರುವ ಕಾರಿನಲ್ಲೇ ಒಂದು ದಿನ ಹೋಗಿ ಬನ್ನಿ

ಬೆಂಗಳೂರಿನಲ್ಲಿ ಕಾರು ಓಡಿಸುವಂಥ ಪೂರ್ತಿ ಅಳತೆಯ ಸರ್ಕಿಟ್ ಇಲ್ಲ. ನಮಗೆ ಹತ್ತಿರ ಅಂದರೆ ಚೆನ್ನೈಗೆ ಮುಂಚೆ, ಶ್ರೀಪೆರಂಬದೂರು ದಾಟಿದರೆ ಸಿಗುವ ಇರುಂಗಾಟ್ಟುಕೋಟ್ಟೈನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್. ಹಳಬರು ಇನ್ನೂ ಎಂಎಂಆರ್‌ಟಿ ಅನ್ನುತ್ತಾರೆ. ಸುಮಾರು 3.7 ಕಿಮೀ ಉದ್ದ. ಇನ್ನೊಂದು ದಿಕ್ಕಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಸುಮಾರು 2.1 ಕಿಮೀ. ಕೊಯಮತ್ತೂರಿನ ಹತ್ತಿರ ಕೋಸ್ಟ್ ಅನ್ನುವ ಹೊಸ ಸರ್ಕಿಟ್ ಕೂಡ ಇದೆ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕಿಟ್ ಐದು ಕಿಮೀಗೂ ಜಾಸ್ತಿ ಉದ್ದದ್ದು, ಆದರೆ ಅಷ್ಟು ದೂರಕ್ಕೆ ತಿಂಗಳು ತಿಂಗಳು ಹೋಗುವ ಮಾತೇ ಇಲ್ಲ.

ಇದರ ಅರ್ಥ ಇಷ್ಟು: ನೀವು ವರ್ಷಪೂರ್ತಿ ಓಡಿಸುವುದು ಒಂದೋ ಎರಡೋ ಟ್ರ್ಯಾಕ್‌ನಲ್ಲಿ. ಕಾರು ಅದಕ್ಕೆ ತಕ್ಕಂತಿರಬೇಕು. ಸಣ್ಣ ಸರ್ಕಿಟ್‌ನಲ್ಲಿ ತಿರುವುಗಳು ಒಂದರ ಹಿಂದೆ ಒಂದು ಬರುತ್ತವೆ, ಬ್ರೇಕ್ ತಣ್ಣಗಾಗಲು ಸಮಯ ಸಿಗುವುದಿಲ್ಲ. ಅಲ್ಲಿ 400 ಕುದುರೆ ಶಕ್ತಿಯ ಕಾರಿನ ಅರ್ಧ ಶಕ್ತಿ ಸುಮ್ನೆ ಕೂತಿರುತ್ತದೆ, ತೂಕ ಮಾತ್ರ ಪ್ರತಿ ತಿರುವಿನಲ್ಲೂ ಕೆಲಸ ಕೊಡುತ್ತದೆ.

ಹಾಗಾಗಿ ಮೊದಲ ಟ್ರ್ಯಾಕ್ ಡೇಗೆ ಮನೆಯಲ್ಲಿರುವ ಕಾರನ್ನೇ ತಗೊಂಡು ಹೋಗಿ. ಪೆಡಲ್ ಒತ್ತಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಫ್ಲೂಯಿಡ್ ಹೊಸದು ಹಾಕಿ, ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಇದೆಯಾ ನೋಡಿ, ಅಷ್ಟು ಸಾಕು. ಆ ಒಂದು ದಿನದಲ್ಲಿ ನಿಮಗೆ ಸೀಟ್‌ನಲ್ಲಿ ದೇಹ ಜಾರುವುದು ತೊಂದರೆಯೋ, ಬ್ರೇಕ್ ತೊಂದರೆಯೋ, ಶಕ್ತಿ ಸಾಲದೆ ಬೇಜಾರೋ ಅಂತ ಗೊತ್ತಾಗುತ್ತದೆ. ಹತ್ತರಲ್ಲಿ ಒಂಬತ್ತು ಜನಕ್ಕೆ ಶಕ್ತಿ ಮೂರನೇ ಸ್ಥಾನಕ್ಕೆ ಹೋಗಿರುತ್ತದೆ. ಅದಕ್ಕೂ ಮುಂಚೆ ಕೈ ಪಳಗಬೇಕು ಅಂದರೆ ನಮ್ಮ ಊರಿನಲ್ಲೇ ಗೋ ಕಾರ್ಟ್ ಟ್ರ್ಯಾಕ್‌ಗಳಿವೆ. ಅಲ್ಲಿ ಕಲಿಯುವ ಬ್ರೇಕಿಂಗ್ ಪಾಯಿಂಟ್, ತಿರುವಿನಲ್ಲಿ ಹಿಡಿಯುವ ದಾರಿ ಎರಡೂ ದೊಡ್ಡ ಸರ್ಕಿಟ್‌ನಲ್ಲಿ ಹಾಗೇ ಕೆಲಸಕ್ಕೆ ಬರುತ್ತವೆ.

ಹಂತ 2: ಕಾರಿನ ಬೆಲೆ ಅಲ್ಲ, ವರ್ಷದ ಖರ್ಚು ಬರೆಯಿರಿ

ಕೈಯಲ್ಲಿ ಇರುವ ದುಡ್ಡಿನಲ್ಲಿ ಮೂರನೇ ಎರಡು ಭಾಗ ಮಾತ್ರ ಕಾರಿಗೆ. ಉಳಿದದ್ದು ಮೊದಲ ವರ್ಷಕ್ಕೆ. ಇದು ನನ್ನ ನಿಯಮ, ಇದನ್ನು ಮುರಿದವರು ಹೆಚ್ಚಾಗಿ ಎರಡನೇ ಟ್ರ್ಯಾಕ್ ಡೇ ಮಾಡುವುದೇ ಇಲ್ಲ.

ನೋಟ್‌ಬುಕ್‌ನಲ್ಲಿ ಒಂದು ಪುಟ ತೆಗೆದು ಬರೆಯಿರಿ: ಟ್ರ್ಯಾಕ್ ಶುಲ್ಕ, ಹೋಗಿ ಬರುವ ಪೆಟ್ರೋಲ್ ಮತ್ತು ಟೋಲ್, ಹಿಂದಿನ ರಾತ್ರಿಯ ರೂಮು, ಟ್ರ್ಯಾಕ್ ಮೇಲೆ ಸುಡುವ ಪೆಟ್ರೋಲ್, ಮುಂದಿನ ಬ್ರೇಕ್ ಪ್ಯಾಡ್, ಡಿಸ್ಕ್, ಬ್ರೇಕ್ ಫ್ಲೂಯಿಡ್, ಇಂಜಿನ್ ಆಯಿಲ್, ನಾಲ್ಕು ಟೈರ್. ಇದನ್ನು ವರ್ಷಕ್ಕೆ ಎಷ್ಟು ದಿನ ಹೋಗುತ್ತೀರೋ ಅದಕ್ಕೆ ಲೆಕ್ಕ ಹಾಕಿ. ಟೈರ್ ಸಾಲಿನಲ್ಲಿ ಕಣ್ಣು ನಿಲ್ಲುತ್ತದೆ. 16 ಇಂಚಿನ ಟೈರ್ ಹಾಕುವ ಕಾರು ಮತ್ತು 19 ಇಂಚಿನದ್ದು ಹಾಕುವ ಕಾರು, ಇವೆರಡರ ಮಧ್ಯೆ ಇರುವ ವ್ಯತ್ಯಾಸ ಕಾರಿನ ಬೆಲೆಯಲ್ಲಿ ಕಾಣುವುದಿಲ್ಲ, ಈ ಪುಟದಲ್ಲಿ ಕಾಣುತ್ತದೆ.

ಇನ್ಶೂರೆನ್ಸ್ ಬಗ್ಗೆ ಸ್ಪಷ್ಟವಾಗಿ ತಿಳಿದುಕೊಳ್ಳಿ. ನಮ್ಮಲ್ಲಿ ಸಾಮಾನ್ಯ ಮೋಟಾರ್ ಪಾಲಿಸಿಯಲ್ಲಿ ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಇಂಥ ಬಳಕೆಯನ್ನು ಹೊರಗಿಟ್ಟಿರುತ್ತಾರೆ. ಟ್ರ್ಯಾಕ್ ಮೇಲೆ ಗೋಡೆಗೆ ಹೊಡೆದರೆ ದುಡ್ಡು ನಿಮ್ಮದೇ ಅಂತ ಇಟ್ಟುಕೊಳ್ಳಿ. ಹಾಗಾಗಿ ಒಂದು ಪ್ರಶ್ನೆಗೆ ಉತ್ತರ ಮನೆಯವರ ಜೊತೆ ಕೂತು ಹುಡುಕಿ: ಈ ಕಾರು ಇವತ್ತು ಪೂರ್ತಿ ಹೋದರೆ ನಾಳೆ ಮನೆ ನಡೆಯುತ್ತದಾ? ನಡೆಯುವುದಿಲ್ಲ ಅಂದರೆ ಅದಕ್ಕಿಂತ ಕಡಿಮೆ ಬೆಲೆಯ ಕಾರು ನೋಡಿ. ಸಾಲದ ಕಂತು ಇನ್ನೂ ನಡೆಯುತ್ತಿರುವ ಕಾರನ್ನು ಟ್ರ್ಯಾಕ್‌ಗೆ ಒಯ್ಯುವುದು ಬೇಡ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಹಂತ 3: ಬಿಸಿಯ ಲೆಕ್ಕ

ಇಲ್ಲಿ ನಿಧಾನ ಮಾಡಿ. ಟ್ರ್ಯಾಕ್‌ನಲ್ಲಿ ಕಾರು ಸೋಲುವುದು ಹೆಚ್ಚಾಗಿ ಬಿಸಿಯಿಂದ. ಬ್ರೇಕ್, ಆಯಿಲ್, ಇಂಜಿನ್ ತಣ್ಣಗಿಡುವ ಕೂಲಂಟ್, ಗೇರ್‌ಬಾಕ್ಸ್, ಟೈರ್, ಈ ಐದೂ ಬಿಸಿ ತಡೆಯಬೇಕು.

*ತೂಕ.* 1,000 ಕೆಜಿಯ ಕಾರು ಗಂಟೆಗೆ 160 ಕಿಮೀಯಿಂದ 80ಕ್ಕೆ ಇಳಿದರೆ ಸುಮಾರು 740 ಕಿಲೋಜೂಲ್ ಶಕ್ತಿ ಕಳೆಯಬೇಕು. ಅದರ ಬಹುಪಾಲು ಬ್ರೇಕ್ ಡಿಸ್ಕ್‌ಗೆ ಬಿಸಿಯಾಗಿ ಹೋಗುತ್ತದೆ. ಎರಡು ಲೀಟರಿಗೂ ಜಾಸ್ತಿ ತಣ್ಣೀರು ಕುದಿ ಬರುವಷ್ಟು ಬಿಸಿ ಅದು, ಮೂರು ಸೆಕೆಂಡಿನಲ್ಲಿ. ಅದೇ 1,700 ಕೆಜಿಯ ಕಾರು ಆದರೆ ನಾಲ್ಕು ಲೀಟರ್ ಕುದಿಯುವಷ್ಟು. ಪ್ರತಿ ಲ್ಯಾಪ್‌ನಲ್ಲೂ ಇದು ಎಷ್ಟೋ ಸಲ ಆಗುತ್ತದೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಕುದುರೆ ಶಕ್ತಿಗಿಂತ ಮೊದಲು ತೂಕ ಬರೆಯಿರಿ. ಮೊದಲ ಟ್ರ್ಯಾಕ್ ಕಾರು 1,300 ಕೆಜಿ ಒಳಗೆ ಇರಲಿ.

*ಬ್ರೇಕ್ ಫ್ಲೂಯಿಡ್.* ಇದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಫ್ಲೂಯಿಡ್ ಅಂದರೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ 205 ಮತ್ತು 140. ಅಂದರೆ ಎರಡು ಮಳೆಗಾಲ ನೋಡಿದ ಹಳೆಯ ಡಾಟ್ 4, ಹೊಸ ಡಾಟ್ 3ಕ್ಕಿಂತಲೂ ಬೇಗ ಕುದಿಯಬಹುದು. ಡಬ್ಬದ ಮುಚ್ಚಳ ತೆಗೆದು ನೋಡಿ. ತಿಳಿ ಜೇನಿನ ಬಣ್ಣ ಇದ್ದರೆ ಸರಿ, ಫಿಲ್ಟರ್ ಕಾಫಿಯ ಡಿಕಾಕ್ಷನ್ ಥರ ಕಪ್ಪಾಗಿದ್ದರೆ ಅದನ್ನು ಬದಲಾಯಿಸಿ ಎಷ್ಟೋ ವರ್ಷ ಆಗಿದೆ. ಫ್ಲೂಯಿಡ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ, ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ. ಪ್ಯಾಡ್ ಸುಟ್ಟರೆ ಬೇರೆ ಥರ: ಪೆಡಲ್ ಗಟ್ಟಿಯಾಗೇ ಇರುತ್ತದೆ, ಎಷ್ಟು ಒತ್ತಿದರೂ ಕಾರು ನಿಲ್ಲುವುದಿಲ್ಲ. ಈ ಎರಡರ ವ್ಯತ್ಯಾಸ ಕಾಲಿಗೆ ಗೊತ್ತಿರಬೇಕು, ಯಾಕೆಂದರೆ ಮದ್ದು ಬೇರೆ ಬೇರೆ.

*ಗೇರ್‌ಬಾಕ್ಸ್.* ಮ್ಯಾನುಯಲ್ ಆದರೆ ಯೋಚನೆ ಕಡಿಮೆ. ಎರಡು ಕ್ಲಚ್ ಇಟ್ಟು ತಾನೇ ಗೇರ್ ಬದಲಿಸುವ ಡ್ಯುಯಲ್ ಕ್ಲಚ್ ಆದರೆ ಒಂದು ಪ್ರಶ್ನೆ ಕೇಳಲೇಬೇಕು: ಕ್ಲಚ್ ಒಣಗಿದ್ದಾ, ಆಯಿಲ್‌ನಲ್ಲಿ ಮುಳುಗಿದ್ದಾ? ಒಣ ಕ್ಲಚ್‌ಗೆ ಬಿಸಿ ಕಳೆಯಲು ಗಾಳಿ ಬಿಟ್ಟರೆ ಬೇರೆ ದಾರಿ ಇಲ್ಲ. ಪಟ್ಟು ಹಿಡಿದು ಓಡಿಸಿದರೆ ತನ್ನನ್ನು ಉಳಿಸಿಕೊಳ್ಳಲು ಶಕ್ತಿ ಕಡಿಮೆ ಮಾಡಿಕೊಳ್ಳುತ್ತದೆ. ಆಯಿಲ್‌ನಲ್ಲಿ ಮುಳುಗಿದ ಕ್ಲಚ್ ಟ್ರ್ಯಾಕ್‌ಗೆ ಎಷ್ಟೋ ವಾಸಿ.

*ಆಯಿಲ್.* ಉದ್ದದ ತಿರುವಿನಲ್ಲಿ ಆಯಿಲ್ ಸಂಪ್‌ನ, ಅಂದರೆ ಇಂಜಿನ್ ತಳದ ತೊಟ್ಟಿಯ, ಒಂದು ಮೂಲೆಗೆ ಓಡುತ್ತದೆ. ಪಂಪ್‌ಗೆ ಗಾಳಿ ಸಿಕ್ಕಿದರೆ ಬೇರಿಂಗ್ ಹೋಯಿತು ಅಂತಲೇ. ಮಟ್ಟವನ್ನು ಯಾವಾಗಲೂ ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೆ ಇಡಿ. ನೀವು ನೋಡುತ್ತಿರುವ ಕಾರಿನ ಇಂಜಿನ್‌ಗೆ ಈ ದೌರ್ಬಲ್ಯ ಇದೆಯಾ ಅಂತ ಅದೇ ಕಾರನ್ನು ಟ್ರ್ಯಾಕ್‌ನಲ್ಲಿ ಓಡಿಸಿದವರನ್ನು ಕೇಳಿ, ಶೋರೂಮ್‌ನವರನ್ನಲ್ಲ.

*ಕೂಲಂಟ್.* ಇದನ್ನು ನಾನು ಕಷ್ಟಪಟ್ಟು ಕಲಿತೆ. ಹಳೆಯ ಟರ್ಬೊ ಸೆಡಾನ್ ಒಂದನ್ನು ಡಿಸೆಂಬರ್‌ನ ಬೆಳಗಿನ ಜಾವ ನಂದಿ ಬೆಟ್ಟದ ರಸ್ತೆಯಲ್ಲಿ ಪರೀಕ್ಷೆ ಮಾಡಿ ಕೊಂಡೆ. ಚಳಿ ಹಿಡಿಸುವ ಗಾಳಿ, ಸೂಜಿ ಮಧ್ಯದಿಂದ ಅಲುಗಲಿಲ್ಲ. ಮೇ ತಿಂಗಳಲ್ಲಿ ಅದನ್ನೇ ಇರುಂಗಾಟ್ಟುಕೋಟ್ಟೈಗೆ ಒಯ್ದೆ. ಎರಡನೇ ಸೆಷನ್, ಐದನೇ ಲ್ಯಾಪ್. ಮೊದಲು ಒಂದು ಸಿಹಿ ವಾಸನೆ ಬಂತು, ಬೆಲ್ಲದ ಪಾಕ ಸ್ವಲ್ಪ ಹೊತ್ತಿದ ಹಾಗೆ. ಆಮೇಲೆ ಸೂಜಿ ಎದ್ದಿತು. ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಪಿಟ್‌ಗೆ ಬರುವಷ್ಟರಲ್ಲಿ ಬಾನೆಟ್ ಸಂದಿಯಿಂದ ಬಿಳಿ ಆವಿ. ಥರ್ಮೋಸ್ಟಾಟ್‌ನ ಪ್ಲಾಸ್ಟಿಕ್ ಮನೆ ಕೂದಲೆಳೆಯಷ್ಟು ಸೀಳಿತ್ತು. ಬೆಂಗಳೂರಿಗೆ ಫ್ಲಾಟ್‌ಬೆಡ್‌ನಲ್ಲಿ ವಾಪಸ್ ಬಂದೆ.

ನಮ್ಮ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ತಂಪಾಗಿದೆ. ಚೆನ್ನೈ ಸಮುದ್ರದ ಪಕ್ಕದಲ್ಲಿದೆ, ಬೇಸಿಗೆಯಲ್ಲಿ 38 ಡಿಗ್ರಿ ದಾಟುತ್ತದೆ. ಟರ್ಬೊ ಇಲ್ಲದ ಇಂಜಿನ್ ಇಲ್ಲಿಗಿಂತ ಅಲ್ಲಿ ಹೆಚ್ಚು ಕಡಿಮೆ ಹತ್ತನೇ ಒಂದು ಭಾಗ ಜಾಸ್ತಿ ಶಕ್ತಿ ಕೊಡುತ್ತದೆ, ಅಂದರೆ ಬಿಸಿಯೂ ಜಾಸ್ತಿ. ಬೆಂಗಳೂರಿನಲ್ಲಿ ಪಾಸಾದ ಕೂಲಿಂಗ್ ಅಲ್ಲಿ ಪಾಸಾಗುತ್ತದೆ ಅಂತ ಯಾವ ಭರವಸೆಯೂ ಇಲ್ಲ. ಅದಕ್ಕೇ ಕಾರನ್ನು ಮಧ್ಯಾಹ್ನ ಪರೀಕ್ಷೆ ಮಾಡಿ, ಎಸಿ ಹಾಕಿ, ಸ್ಕ್ಯಾನರ್‌ನಲ್ಲಿ ಕೂಲಂಟ್ ಅಂಕಿ ನೋಡುತ್ತಾ. ಡ್ಯಾಶ್‌ಬೋರ್ಡಿನ ಸೂಜಿಯನ್ನು ನಂಬಬೇಡಿ. ಎಷ್ಟೋ ಕಾರುಗಳಲ್ಲಿ ಅದು ದೊಡ್ಡ ವ್ಯಾಪ್ತಿಗೆ ಮಧ್ಯದಲ್ಲೇ ನಿಲ್ಲುವ ಹಾಗೆ ಮಾಡಿರುತ್ತಾರೆ.

ಹಂತ 4: ಈಗ ಕಾರಿನ ಪಟ್ಟಿ ಮಾಡಿ

ಅಮೆರಿಕದವರ, ಇಂಗ್ಲೆಂಡಿನವರ ಪಟ್ಟಿ ಪಕ್ಕಕ್ಕಿಡಿ. ಅವರು ಮೊದಲು ಹೇಳುವುದು ಮಾಜ್ದಾ ಎಂಎಕ್ಸ್-5, ಆಮೇಲೆ ಟೊಯೊಟಾ ಜಿಆರ್86. ಒಳ್ಳೆಯ ಕಾರುಗಳೇ, ಆದರೆ ಎರಡೂ ಇಲ್ಲಿ ಮಾರಾಟಕ್ಕೆ ಬಂದಿಲ್ಲ. ಹಗುರ, ಮ್ಯಾನುಯಲ್, ಸುಲಭವಾಗಿ ರಿಪೇರಿ ಆಗುವುದು ಅನ್ನುವ ಅವರ ಕಾರಣ ಮಾತ್ರ ತಗೊಳ್ಳಿ.

ಮೊದಲ ಸಲದವರಿಗೆ ನನ್ನ ಆಯ್ಕೆ ಸಣ್ಣ ಹ್ಯಾಚ್‌ಬ್ಯಾಕ್. 2018ರಲ್ಲಿ ಬಂದ ಪೀಳಿಗೆಯ ಪೆಟ್ರೋಲ್ ಸ್ವಿಫ್ಟ್ ಮ್ಯಾನುಯಲ್ 900 ಕೆಜಿ ಒಳಗಿದೆ. ಹಿಂದೆ ಡ್ರಮ್ ಬ್ರೇಕ್ ಅಂತ ಮೂಗು ಮುರಿಯಬೇಡಿ, ಮುಂದಿನ ಚಕ್ರ ಎಳೆಯುವ ಹಗುರ ಕಾರಿನಲ್ಲಿ ಬ್ರೇಕ್ ಕೆಲಸದ ದೊಡ್ಡ ಪಾಲು ಮುಂದಿನದ್ದೇ. ಸ್ಪೋರ್ಟ್ಸ್ ಕಾರು ಕೇಳಿದರೆ ಸ್ವಿಫ್ಟ್ ತೋರಿಸುತ್ತೀರಲ್ಲ ಅಂತ ಕೆಲವರಿಗೆ ಬೇಸರ ಆಗುತ್ತದೆ, ನನಗೆ ಗೊತ್ತು. ಆದರೆ ವರ್ಷಕ್ಕೆ ಹತ್ತು ದಿನ ಅದರಲ್ಲಿ ಓಡಿಸಿದವರು ಎರಡು ದಿನ ದೊಡ್ಡ ಕಾರಿನಲ್ಲಿ ಓಡಿಸಿದವರಿಗಿಂತ ಎಷ್ಟೋ ಮುಂದೆ ಹೋಗಿರುತ್ತಾರೆ. ಇನ್ನೂ ಸ್ವಲ್ಪ ಗಟ್ಟಿ ಬೇಕಿದ್ದರೆ 2020ರ ನಂತರದ ಪೋಲೊ 1.0 ಟಿಎಸ್‌ಐ ಮ್ಯಾನುಯಲ್, 110 ಪಿಎಸ್ (ಕುದುರೆ ಶಕ್ತಿ). ಹಳೆಯ ಫೋರ್ಡ್ ಫಿಯೆಸ್ಟಾ 1.6 ಎಸ್‌ನ ಸ್ಟಿಯರಿಂಗ್ ಇವತ್ತಿಗೂ ಕೈಗೆ ಹಿತ, ಆದರೆ ಫೋರ್ಡ್ 2021ರಲ್ಲಿ ಇಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಹೇಳಿತು. ಬಿಡಿಭಾಗ ಹುಡುಕುವ ತಾಳ್ಮೆ ಇದ್ದರೆ ಮಾತ್ರ.

ಮಧ್ಯದ ಬಜೆಟ್‌ಗೆ ಫೋಕ್ಸ್‌ವ್ಯಾಗನ್ ವರ್ಟಸ್ ಅಥವಾ ಸ್ಕೋಡಾ ಸ್ಲಾವಿಯಾದ 1.5 ಟರ್ಬೊ, 150 ಪಿಎಸ್. ಮ್ಯಾನುಯಲ್ ಸಿಕ್ಕಿದರೆ ಅದನ್ನೇ ಹಿಡಿಯಿರಿ, ಇದರ ಡಿಎಸ್‌ಜಿ ಅನ್ನುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಒಣ ಕ್ಲಚ್‌ನದ್ದು. ದಿನಾ ಆಫೀಸಿಗೂ ಇದೇ ಕಾರು ಬೇಕು ಅನ್ನುವವರಿಗೆ ಇದಕ್ಕಿಂತ ಹೊಂದುವ ಕಾರು ಈ ಬೆಲೆಯಲ್ಲಿ ಕಡಿಮೆ. ಮೇಲಕ್ಕೆ ಹೋದರೆ ಬಳಸಿದ ಆಕ್ಟೇವಿಯಾ ಆರ್‌ಎಸ್: 2017ರಲ್ಲಿ ಬಂದ 230 ಪಿಎಸ್‌ನದ್ದು, 2020ರ 245 ಪಿಎಸ್‌ನದ್ದು, ಎರಡರ ಕ್ಲಚ್‌ಗಳೂ ಆಯಿಲ್‌ನಲ್ಲಿ ಮುಳುಗಿದ್ದು. 245 ಇಲ್ಲಿಗೆ 200 ಕಾರು ಮಾತ್ರ ಬಂತು, ಹಾಗಾಗಿ ಬೆಲೆ ಬಿಸಿಯಾಗೇ ಇದೆ. ತೂಕ 1,400 ಕೆಜಿ ದಾಟುತ್ತದೆ ಅನ್ನುವುದು ನೆನಪಿರಲಿ. ಈ ಇಂಜಿನ್‌ನಲ್ಲಿ ವಾಟರ್ ಪಂಪ್, ಥರ್ಮೋಸ್ಟಾಟ್ ಜೋಡಣೆಯ ಸುತ್ತ ಗುಲಾಬಿ ಬಣ್ಣದ ಒಣ ಕಲೆ ಇದೆಯಾ ಅಂತ ಟಾರ್ಚ್ ಹಾಕಿ ನೋಡಿ.

ಹಿಂದಿನ ಚಕ್ರ ಎಳೆಯುವ ನಿಜವಾದ ಸ್ಪೋರ್ಟ್ಸ್ ಕಾರೇ ಬೇಕು, ದುಡ್ಡೂ ಇದೆ ಅಂದರೆ ಪೋರ್ಷೆ ಕೇಮನ್. ಇಂಜಿನ್ ಮಧ್ಯದಲ್ಲಿ, ತೂಕ ಹದವಾಗಿ, ಬ್ರೇಕ್ ಇದೇ ಕೆಲಸಕ್ಕೆ ಮಾಡಿದಂಥದ್ದು. ಆದರೆ 2008ರವರೆಗಿನ ಹಳೆಯ ಕೇಮನ್, ಬಾಕ್ಸ್‌ಟರ್‌ನಲ್ಲಿ ಇಂಟರ್‌ಮೀಡಿಯೆಟ್ ಶಾಫ್ಟ್ ಬೇರಿಂಗ್ ಅನ್ನುವ ಭಾಗ ಸವೆದರೆ ಇಂಜಿನ್ನೇ ಹೋಗಬಹುದು, ಅದರ ದಾಖಲೆ ಇಲ್ಲದೆ ಮುಂಗಡ ಕೊಡಬೇಡಿ. ಬಿಎಂಡಬ್ಲ್ಯು ಎಂ340ಐ ಬಗ್ಗೆ ತುಂಬ ಜನ ಕೇಳುತ್ತಾರೆ. ಇಂಜಿನ್ ಚಿನ್ನ. ತೂಕ 1,700 ಕೆಜಿ ದಾಟುತ್ತದೆ, ನಾಲ್ಕು ಲೀಟರ್ ನೀರಿನ ಲೆಕ್ಕ ನೆನಪಿದೆ ಅಲ್ವಾ? ಪ್ಯಾಡ್, ಫ್ಲೂಯಿಡ್, ಟೈರ್ ಮೂರಕ್ಕೂ ದುಡ್ಡು ಎತ್ತಿಡದೆ ಅದನ್ನು ಕೊಳ್ಳಬೇಡಿ.

ಹಂತ 5: ಕಾರು ನೋಡುವ ಮುಂಚೆ ಏಳು ಫೋನ್ ಕರೆ

ಪಟ್ಟಿಯಲ್ಲಿ ಎರಡು ಮೂರು ಕಾರು ಉಳಿದ ಮೇಲೆ ಬಿಡಿಭಾಗದ ಅಂಗಡಿಗಳಿರುವ ಜೆ.ಸಿ. ರಸ್ತೆಗೆ ಹೋಗಿ, ಇಲ್ಲವೇ ಫೋನ್ ಮಾಡಿ. ಏಳು ಭಾಗ ಕೇಳಿ: ಮುಂದಿನ ಡಿಸ್ಕ್, ಮುಂದಿನ ಪ್ಯಾಡ್, ಮುಂದಿನ ವೀಲ್ ಬೇರಿಂಗ್, ಲೋಯರ್ ಆರ್ಮ್, ವಾಟರ್ ಪಂಪ್, ರೇಡಿಯೇಟರ್, ಕ್ಲಚ್. ಪ್ರತಿಯೊಂದಕ್ಕೂ ಬೆಲೆಯ ಜೊತೆಗೆ ಇನ್ನೊಂದು ಪ್ರಶ್ನೆ: "ಈಗ ಸ್ಟಾಕ್ ಇದ್ಯಾ?"

ಸ್ವಿಫ್ಟ್‌ಗೆ ಕೇಳಿದರೆ ಅಂಗಡಿಯವರು ತಲೆ ಎತ್ತದೆ "ಯಾವ ಕಂಪನಿದು ಬೇಕು ಸಾರ್?" ಅನ್ನುತ್ತಾರೆ. ಅದು ನಿಮಗೆ ಬೇಕಾದ ಉತ್ತರ. ನನ್ನ ಆ ಸೆಡಾನ್‌ನ ಥರ್ಮೋಸ್ಟಾಟ್‌ಗೆ ಕೇಳಿದಾಗ ಅಂಗಡಿಯವರು ಪುಸ್ತಕ ಮುಚ್ಚಿ, ಕನ್ನಡಕ ತೆಗೆದು, "ಬರಬೇಕು ಸಾರ್, ಹದಿನೈದು ದಿನ ಆಗಬಹುದು" ಅಂದರು. ಮೂರು ವಾರ ಆಯಿತು. ಅಷ್ಟೂ ದಿನ ಕಾರು ಗ್ಯಾರೇಜ್‌ನಲ್ಲಿ ಧೂಳು ತಿನ್ನುತ್ತಾ ನಿಂತಿತ್ತು, ಮುಂದಿನ ಟ್ರ್ಯಾಕ್ ಡೇಗೆ ಕಟ್ಟಿದ್ದ ದುಡ್ಡೂ ಹೋಯಿತು. ಏಳರಲ್ಲಿ ಮೂರಕ್ಕಿಂತ ಹೆಚ್ಚು ಭಾಗಕ್ಕೆ "ಬರಬೇಕು" ಅನ್ನುವ ಉತ್ತರ ಬಂದರೆ ಆ ಕಾರನ್ನು ಪಟ್ಟಿಯಿಂದ ಹೊಡೆದು ಹಾಕಿ. ಎಷ್ಟೇ ಇಷ್ಟ ಆಗಿದ್ದರೂ.

ಹಂತ 6: ಬಳಸಿದ ಕಾರು ನೋಡುವ ಕ್ರಮ

ಕಾಗದ ಮೊದಲು. ಹೊರ ರಾಜ್ಯದ ನೋಂದಣಿ ಇದ್ದರೆ ಬೆಲೆ ಅಗ್ಗ ಕಾಣುತ್ತದೆ. ಕರ್ನಾಟಕದ ಜೀವಾವಧಿ ತೆರಿಗೆ ದೇಶದಲ್ಲೇ ಜಾಸ್ತಿ ಇರುವವುಗಳಲ್ಲಿ ಒಂದು. ಎನ್‌ಒಸಿ ತಂದು, ಕಾರಿನ ವಯಸ್ಸಿಗೆ ತಕ್ಕಂತೆ ಇಲ್ಲಿ ತೆರಿಗೆ ಕಟ್ಟಿ, ಆಮೇಲೆ ಕೆಎ ನಂಬರ್ ಪಡೆಯುವವರೆಗಿನ ಒಟ್ಟು ಮೊತ್ತ ಸೇರಿಸಿ ಹೋಲಿಸಿ. ಕಾರಿನ ಇಂಜಿನ್, ಬಾಡಿ, ಸೀಟ್ ಬದಲಾಯಿಸಿದ್ದರೆ ಅದು ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದಬೇಕು. ಮೋಟಾರ್ ವಾಹನ ಕಾಯ್ದೆಯ 52ನೇ ಸೆಕ್ಷನ್ ಮೂಲ ವಿವರದಿಂದ ಬದಲಾಯಿಸುವುದನ್ನು ತಡೆಯುತ್ತದೆ, ನೀವು ಟ್ರ್ಯಾಕ್‌ಗೆ ಹೋಗುವುದು ರಸ್ತೆಯ ಮೇಲೆಯೇ ಅಲ್ವಾ.

ಆಮೇಲೆ ತಣ್ಣನೆಯ ಸ್ಟಾರ್ಟ್. ಬೆಳಗ್ಗೆ ಏಳಕ್ಕೆ ಬರುತ್ತೇನೆ, ಸ್ಟಾರ್ಟ್ ಮಾಡಿ ಇಡಬೇಡಿ ಅಂತ ಮೊದಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅನುಮಾನ ಇಟ್ಟುಕೊಂಡೇ ಮುಂದುವರಿಯಿರಿ. ತಣ್ಣಗಿರುವಾಗಲೇ ಕೂಲಂಟ್ ಮುಚ್ಚಳ ತೆಗೆದು ನೋಡಿ, ಎಣ್ಣೆ ಪದರ ತೇಲಬಾರದು. ಆಯಿಲ್ ಮುಚ್ಚಳದ ಒಳಗೆ ದಪ್ಪ ಮಜ್ಜಿಗೆಯಂಥ ಬಿಳಿ ಪದಾರ್ಥ ಇದ್ದರೆ ನೀರು ಸೇರಿರಬಹುದು, ಕಾರಣ ಗೊತ್ತಾಗದೆ ಮಾತು ಮುಂದುವರಿಸಬೇಡಿ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ.

ಮೂರನೆಯದು ಸ್ಕ್ಯಾನರ್. ಎಲ್ಲರೂ ಫಾಲ್ಟ್ ಕೋಡ್ ಇದೆಯಾ ಅಂತ ಮಾತ್ರ ನೋಡುತ್ತಾರೆ. ಅದಕ್ಕಿಂತ ಮುಖ್ಯ ರೆಡಿನೆಸ್ ಮಾನಿಟರ್ ಅನ್ನುವ ಪುಟ. ಯಾರಾದರೂ ಕೋಡ್ ಅಳಿಸಿದರೆ ಅಥವಾ ಬ್ಯಾಟರಿ ಬಿಚ್ಚಿದರೆ ಆ ಮಾನಿಟರ್‌ಗಳು ಖಾಲಿಯಾಗುತ್ತವೆ, ಮತ್ತೆ ಭರ್ತಿಯಾಗಲು ಕೆಲವು ದಿನ ಓಡಬೇಕು. ಕೋಡ್ ಒಂದೂ ಇಲ್ಲ, ಮಾನಿಟರ್ ಮಾತ್ರ "ಪೂರ್ಣವಾಗಿಲ್ಲ" ಅಂತ ತೋರಿಸಿದರೆ ನಿನ್ನೆಯೋ ಮೊನ್ನೆಯೋ ಅಳಿಸಿದ್ದಾರೆ. ಒಂದು ವಾರ ಬಿಟ್ಟು ಮತ್ತೆ ಬರುತ್ತೇನೆ ಅನ್ನಿ.

ಕೆಳಗೆ ಚಾಪೆ ಹಾಸಿ ಮಲಗಿ. ಡ್ರೈವ್‌ಶಾಫ್ಟ್ ಬೂಟ್ ಹರಿದು ಗ್ರೀಸ್ ಚೆಲ್ಲಿದೆಯಾ, ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿದೆಯಾ, ಸಬ್‌ಫ್ರೇಮ್ ಮೇಲೆ ವೆಲ್ಡಿಂಗ್ ಗುರುತು ಇದೆಯಾ ನೋಡಿ. ನಮ್ಮ ಊರಿನ ಹಂಪ್‌ಗಳಿಗೆ ಸಂಪ್ ಬಡಿದಿರುತ್ತದೆ, ತಗ್ಗಾದ ಕಾರಿನಲ್ಲಂತೂ ಖಂಡಿತ. ಟೈರ್ ಬದಿಯ ನಾಲ್ಕು ಅಂಕಿ ಓದಿ: 2319 ಅಂದರೆ 2019ರ 23ನೇ ವಾರ. ಐದು ವರ್ಷ ದಾಟಿದ ಟೈರ್ ಟ್ರ್ಯಾಕ್‌ಗೆ ಬೇಡ, ಹೊಸ ನಾಲ್ಕರ ಬೆಲೆ ಈಗಲೇ ಕಳೆದು ಮಾತಾಡಿ.

ಓಡಿಸಿ ನೋಡುವುದು ಕೊನೆಗೆ, ಮಧ್ಯಾಹ್ನದ ಬಿಸಿಲಿನಲ್ಲಿ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, 80ರಿಂದ ಗಟ್ಟಿಯಾಗಿ ಬ್ರೇಕ್ ಒತ್ತಿ. ಸ್ಟಿಯರಿಂಗ್ ನಡುಗಿದರೆ ಡಿಸ್ಕ್, ಒಂದು ಕಡೆ ಎಳೆದರೆ ಪ್ಯಾಡ್ ಒತ್ತುವ ಕ್ಯಾಲಿಪರ್ ಅಥವಾ ಅಲೈನ್‌ಮೆಂಟ್. ಮೂರನೇ ಗೇರ್‌ನಲ್ಲಿ ಕಡಿಮೆ ವೇಗದಿಂದ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಇಂಜಿನ್ ಸದ್ದು ಏರಿ ಕಾರು ಏರದಿದ್ದರೆ ಕ್ಲಚ್ ಹೋಗಿದೆ.

ಇಷ್ಟು ನೋಡಿದ ಮೇಲೂ ನಿಮ್ಮ ಗ್ಯಾರೇಜ್‌ನವರಿಗೆ ಒಂದು ಗಂಟೆಯ ಕೂಲಿ ಕೊಟ್ಟು ಕಾರನ್ನು ರಾಂಪ್ ಮೇಲೆ ಏರಿಸಿ ತೋರಿಸಿ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಂದ ಎದ್ದು ಬನ್ನಿ.

ಹಂತ 7: ಕೊಂಡ ಮೇಲೆ, ಮೊದಲ ಟ್ರ್ಯಾಕ್ ಡೇಗೆ ಮುಂಚೆ

ಮೊದಲ ತಿಂಗಳು ದ್ರವಗಳೆಲ್ಲ ಹೊಸದು: ಇಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಕೂಲಂಟ್, ಬ್ರೇಕ್ ಫ್ಲೂಯಿಡ್. ಬ್ರೇಕ್‌ಗೆ 300 ಡಿಗ್ರಿ ದಾಟುವ ರೇಸಿಂಗ್ ಡಾಟ್ 4 ಸಿಗುತ್ತದೆ, ಅದನ್ನೇ ಹಾಕಿಸಿ. ಡಾಟ್ 5 ಅನ್ನುವ ಸಿಲಿಕೋನ್ ಫ್ಲೂಯಿಡ್ ಬೇರೆ ಜಾತಿಯದ್ದು, ಹೆಸರು ನೋಡಿ ಮೋಸ ಹೋಗಿ ಬೆರೆಸಬೇಡಿ. ಮುಂದಿನ ಪ್ಯಾಡ್ ಹೆಚ್ಚು ಬಿಸಿ ತಡೆಯುವಂಥದ್ದು ಹಾಕಿಸಿ, ಪ್ಯಾಡ್ ಕಂಪನಿ ಹೇಳಿದ ಕ್ರಮದಲ್ಲಿ ಹದ ಮಾಡಿ. ಹೊಸ ಪ್ಯಾಡ್ ಹಾಕಿಸಿಕೊಂಡು ನೇರ ಟ್ರ್ಯಾಕ್‌ಗೆ ಹೋದರೆ ಅದು ಮೊದಲ ಸೆಷನ್‌ನಲ್ಲೇ ಗಾಜಿನಂತೆ ಹೊಳಪಾಗಿ ಹಿಡಿತ ಕಳೆದುಕೊಳ್ಳುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪು ರೀಮ್ಯಾಪ್, ಅಂದರೆ ಇಂಜಿನ್ ಸಾಫ್ಟ್‌ವೇರ್ ಬದಲಿಸಿ ಶಕ್ತಿ ಏರಿಸುವುದು. ಬಿಸಿ ತಡೆಯುತ್ತದಾ ಅಂತ ಇನ್ನೂ ಗೊತ್ತಿಲ್ಲದ ಕಾರಿಗೆ ಇನ್ನಷ್ಟು ಬಿಸಿ ಕೂಡಿಸುತ್ತೀರಿ. ಎಕ್ಸಾಸ್ಟ್, ಸ್ಪ್ರಿಂಗ್, ದೊಡ್ಡ ಚಕ್ರ ಯಾವುದೂ ಈಗ ಬೇಡ. ಮೂರು ಟ್ರ್ಯಾಕ್ ಡೇ ಆದ ಮೇಲೆ ನೋಟ್‌ಬುಕ್ ತೆಗೆದು ನೋಡಿ, ಯಾವುದು ನಿಜವಾಗಿ ಸಾಲಲಿಲ್ಲ ಅಂತ ಅದೇ ಹೇಳುತ್ತದೆ.

ಹಂತ 8: ಮೊದಲ ದಿನ ಕಾರು ಕೊಡುವ ಸೂಚನೆಗಳು

ಬೆಳಗ್ಗೆ ತಣ್ಣಗಿರುವಾಗ ಟೈರ್ ಪ್ರೆಷರ್ ಅಳೆದು ಬರೆಯಿರಿ. ಓಡಿಸಿದ ಮೇಲೆ ಅದು ಏಳೆಂಟು ಪಿಎಸ್‌ಐ ಏರಬಹುದು, ಅದಕ್ಕೆ ಪ್ರತಿ ಸೆಷನ್ ಮುಗಿದ ಕೂಡಲೇ ಅಳೆದು ಜಾಸ್ತಿ ಆದದ್ದನ್ನು ಬಿಡಿ. ವೀಲ್ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ, ಕಾರಿನ ಪುಸ್ತಕದಲ್ಲಿ ಹೇಳಿದ ಅಂಕಿಗೆ ಬಿಗಿ ಮಾಡಿ. ಕಾರಿನೊಳಗೆ ಉರುಳುವ ಏನೂ ಇರಬಾರದು. ನೀರಿನ ಬಾಟಲ್ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಏನಾಗುತ್ತದೆ ಯೋಚಿಸಿ.

ಮೊದಲ ಸೆಷನ್ ಹತ್ತು ನಿಮಿಷಕ್ಕೆ ನಿಲ್ಲಿಸಿ, ಹಸಿರು ಬಾವುಟ ಇನ್ನೂ ಇದ್ದರೂ. ಮೊದಲ ಲ್ಯಾಪ್ ಬಿಸಿ ಮಾಡಲು, ಕೊನೆಯ ಲ್ಯಾಪ್ ಬ್ರೇಕ್ ಆದಷ್ಟು ಮುಟ್ಟದೆ ತಣ್ಣಗೆ ಮಾಡಲು. ಪಿಟ್‌ಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಪ್ಯಾಡ್ ಡಿಸ್ಕ್‌ಗೆ ಅಂಟಿ ಗುರುತು ಉಳಿಯುತ್ತದೆ. ಇಂಜಿನ್ ಆಫ್ ಮಾಡಿ ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಟರ್ಬೊ ಇದ್ದರೆ ಒಂದೆರಡು ನಿಮಿಷ ಐಡಲ್‌ನಲ್ಲಿ ಓಡಲು ಬಿಟ್ಟು ಆಮೇಲೆ ಆಫ್ ಮಾಡಿ.

ಪೆಡಲ್ ಮೊದಲಿಗಿಂತ ಒಂದು ಬೆರಳಷ್ಟು ಕೆಳಗೆ ಹೋದರೂ ಆ ಲ್ಯಾಪ್‌ನಲ್ಲೇ ಒಳಗೆ ಬನ್ನಿ. ಇನ್ನೊಂದು ಲ್ಯಾಪ್ ನೋಡೋಣ ಅಂದವರೇ ಗೋಡೆ ಮುಟ್ಟುವುದು. ಕೂಲಂಟ್ 110 ಡಿಗ್ರಿ ದಾಟಿದರೆ, ಆಯಿಲ್ 130 ದಾಟಿದರೆ, ಆಯಿಲ್ ದೀಪ ತಿರುವಿನಲ್ಲಿ ಒಂದು ಕ್ಷಣ ಮಿನುಗಿದರೆ, ಸಿಹಿ ವಾಸನೆ ಬಂದರೆ, ಸ್ಟಿಯರಿಂಗ್‌ನಲ್ಲಿ ಹೊಸ ನಡುಕ ಬಂದರೆ ಕೈ ತೋರಿಸಿ ಪಕ್ಕಕ್ಕೆ ಬಂದು ನಿಧಾನವಾಗಿ ಪಿಟ್ ಸೇರಿ. ಆಯಿಲ್ ದೀಪ ಆರದೆ ಉರಿಯುತ್ತಲೇ ಇದ್ದರೆ ಮಾತ್ರ ಪಿಟ್‌ವರೆಗೂ ಬರಬೇಡಿ. ಟ್ರ್ಯಾಕ್‌ನಿಂದ ದೂರಕ್ಕೆ ಸರಿಸಿ ಇಂಜಿನ್ ಆಫ್ ಮಾಡಿ.

ಪ್ರತಿ ಸೆಷನ್ ನಂತರ ನಾಲ್ಕೂ ಡಿಸ್ಕ್‌ನ ಬಿಸಿ ಥರ್ಮಾಮೀಟರ್‌ನಲ್ಲಿ ನೋಡಿ ಬರೆಯಿರಿ. ಎಡ ಬಲದ ಮಧ್ಯೆ ತುಂಬ ವ್ಯತ್ಯಾಸ ಇದ್ದರೆ ಒಂದು ಕ್ಯಾಲಿಪರ್ ಹಿಡಿದುಕೊಂಡಿದೆ. ಟೈರ್‌ನ ಹೊರ ಅಂಚು ಮಾತ್ರ ಸವೆಯುತ್ತಿದ್ದರೆ ಪ್ರೆಷರ್ ಕಡಿಮೆ ಇದೆ, ಇಲ್ಲವೇ ಕ್ಯಾಂಬರ್, ಅಂದರೆ ಚಕ್ರ ಒಳಕ್ಕೆ ವಾಲಿರುವ ಓರೆ, ಸಾಲದು. ಟ್ರ್ಯಾಕ್‌ನಲ್ಲಿ ಬಲ ತಿರುವು ಜಾಸ್ತಿ ಇದ್ದರೆ ಎಡಗಡೆ ಟೈರ್ ಬೇಗ ಸವೆಯುವುದು ಸಹಜ, ಅದಕ್ಕೆ ಗಾಬರಿ ಬೇಡ.

ಸಂಜೆ ಹೊರಡುವ ಮುಂಚೆ ಟೈರ್‌ಗೆ ರಸ್ತೆಯ ಪ್ರೆಷರ್ ತುಂಬಿಸಿ, ವೀಲ್ ನಟ್ ಮತ್ತೊಂದು ಸಲ ಬಿಗಿ ಮಾಡಿ, ಆಯಿಲ್ ಮತ್ತು ಕೂಲಂಟ್ ಮಟ್ಟ ನೋಡಿ, ಪ್ಯಾಡ್ ಎಷ್ಟು ಉಳಿದಿದೆ ಅಂತ ಚಕ್ರದ ಸಂದಿಯಿಂದ ಟಾರ್ಚ್ ಹಾಕಿ ನೋಡಿ. ಮೂರು ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಆ ಪ್ಯಾಡ್‌ನಲ್ಲಿ ಮನೆ ದಾರಿ ಹಿಡಿಯಬೇಡಿ, ಡಿಕ್ಕಿಯಲ್ಲಿ ಇಟ್ಟುಕೊಂಡು ಬಂದ ಹೊಸ ಜೊತೆಯನ್ನು ಅಲ್ಲೇ ಪಿಟ್‌ನಲ್ಲಿ ಹಾಕಿಕೊಂಡು ಹೊರಡಿ.